ತೊಳೆಯುವ ಮುಂಚಿನ ತಟ್ಟೆ

ಪರದೆಯ ಮೇಲಿನ ಗಿರಾಕಿಯ ಗದ್ದದ ಕೆಳಗಿದ್ದ ಎರಡನೆಯ ಗದ್ದವನ್ನು ಅವನು ಅರ್ಧ ಅಳಿಸಿದ್ದಾಗ ಮಗಳ ತಟ್ಟೆ ಬಂತು. ಮೇಜಿನ ಮೇಲೆ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಎಡಗೈಯಲ್ಲೇ ಎತ್ತಿಕೊಂಡು ನೋಡಿದ. ಮನೆಯ ಅದೇ ಬಿಳಿ ತಟ್ಟೆ, ಅಂಚಿಗೆ ನೀಲಿ ಗೆರೆ, ಒಳಗೆ ಏನೂ ಇಲ್ಲ, ಹೆಸರಿಗೆ ಒಂದು ಅಗುಳೂ ಇಲ್ಲ. ಬೆಳಗಿನಿಂದ ಎದೆಯಲ್ಲಿ ಬಿಗಿದುಕೊಂಡಿದ್ದದ್ದು ಸಡಿಲವಾಯಿತು. ಸ್ಟುಡಿಯೊದ ಹಿಂದಿನ ಈ ಕಿಟಕಿಯಿಲ್ಲದ ಕೋಣೆಯಲ್ಲಿ ಊರವರ ಮುಖಗಳನ್ನು ತಿದ್ದುತ್ತ ಕೂರುವವನಿಗೆ, ದಿನಕ್ಕೊಮ್ಮೆ ಬರುವ ಈ ಖಾಲಿ ತಟ್ಟೆಗಿಂತ ಚಂದದ ಚಿತ್ರ ಬೇರೆ ಇರಲಿಲ್ಲ. ಎಂದಿನಂತೆ ಚಪ್ಪಾಳೆ ತಟ್ಟುವ ಎರಡು ಹಳದಿ ಕೈಗಳನ್ನು ಕಳಿಸಿದ. ಅಲ್ಲಿಗೆ ಫೋನು ಕೆಳಗಿಡಬೇಕಿತ್ತು, ಇಡಲಿಲ್ಲ. ಚಿತ್ರ ಕಂಡರೆ ಹಿಗ್ಗಿಸಿ ನೋಡುವುದು ಅವನ ಕೈಗೆ ಅಂಟಿದ ಚಾಳಿ. ನೆಂಟರ ಮನೆಯ ಗೋಡೆಯ ಮೇಲಿನ ಫೋಟೋದಲ್ಲೂ ಟಚಪ್ ಎಲ್ಲಿ ಆಗಿದೆ ಎಂದು ಹುಡುಕಿ ಹೆಂಡತಿಯಿಂದ ಚಿವುಟಿಸಿಕೊಂಡವನು. ಎರಡು ಬೆರಳಿನಿಂದ ತಟ್ಟೆಯನ್ನು ಅಗಲಿಸಿದ. ಹಳೆಯ ತಟ್ಟೆ, ಚಮಚ ತಾಗಿ ತಾಗಿ ಮೈಯೆಲ್ಲ ಗೀರು. ನಡುವೆ ಸ್ವಲ್ಪ ಎಡಕ್ಕೆ ಕೊಕ್ಕೆಯಂತೆ ಬಾಗಿದ ಒಂದು ಗೀರಿತ್ತು. ಬಲಗಡೆ, ಅಂಚಿನ ಹತ್ತಿರ, ಮತ್ತೆ ಅದೇ ಕೊಕ್ಕೆ. ಅದೇ ಉದ್ದ, ಅದೇ ಬಾಗು, ತುದಿಯಲ್ಲಿ ಅದೇ ಚುಕ್ಕೆ.

ಬೇಡವಾದದ್ದನ್ನು ಮುಚ್ಚಲು ಪಕ್ಕದ ಖಾಲಿ ಜಾಗವನ್ನು ನಕಲು ಮಾಡಿ ತಂದು ಮೇಲೆ ಹಚ್ಚುವುದು ಅವನ ಕಸುಬು. ಹಚ್ಚುವಾಗ ಆ ಜಾಗದ ಗುರುತೂ ಜೊತೆಗೆ ಬಂದುಬಿಡುತ್ತದೆ. ಹೊಸಬರೆಲ್ಲ ಎಡವುವುದು ಅಲ್ಲೇ. ಕಪ್ಪು ಚುಕ್ಕೆ ಮುಚ್ಚಲು ಹೋಗಿ ಒಂದೇ ಕೆನ್ನೆಯ ಮೇಲೆ ಎರಡು ಮಚ್ಚೆ ಮೂಡಿಸಿ ಬೈಸಿಕೊಳ್ಳುತ್ತಾರೆ. ಹಾಗಾಗದಂತೆ ಹೇಗೆ ಎಚ್ಚರ ವಹಿಸಬೇಕು ಎಂದು ಮಗಳಿಗೆ ಹೇಳಿಕೊಟ್ಟವನೂ ಅವನೇ. ಹತ್ತನೇ ತರಗತಿಯ ರಜೆಯಲ್ಲಿ ಅವಳು ಇದೇ ಕೋಣೆಯಲ್ಲಿ, ಇದೇ ಮೇಜಿನ ಮಗ್ಗುಲಲ್ಲಿ, ಸ್ಟೂಲಿನ ಮೇಲೆ ಒಂದು ಕಾಲು ಮಡಚಿಕೊಂಡು ಕೂತು ಕಲಿತಿದ್ದಳು. ಅಂದರೆ ಈ ತಟ್ಟೆಯಲ್ಲಿ ಊಟ ಇತ್ತು. ಅವಳು ಅದನ್ನು ಉಂಡಿರಲಿಲ್ಲ, ಅಳಿಸಿದ್ದಳು.

"ಏನ್ ಸಾರ್, ಕೈ ನಿಂತೇ ಹೋಯ್ತಲ್ಲ," ಎಂದ ಗಿರಾಕಿ. ಕೆಲಸದ ಅರ್ಜಿಗೆ ಫೋಟೋ ತೆಗೆಸಲು ಬಂದ ಯುವಕ, ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದ. "ಕೆನ್ನೆನೂ ಒಂಚೂರು ಒಳಗೆ ತಳ್ಳಿ ಸಾರ್. ನೋಡಿದ್ರೆ ಚುರುಕಾಗಿ ಕಾಣ್ಬೇಕು." ಅವನು ಆ ಕೆನ್ನೆಗಳನ್ನು ನೋಡಿದ. ಒಳ್ಳೆಯ ಕೆನ್ನೆಗಳು, ಮನೆಯಲ್ಲಿ ಯಾರೋ ಪ್ರೀತಿಯಿಂದ ಬಡಿಸಿ ಬೆಳೆಸಿದ ಕೆನ್ನೆಗಳು. ಹಾಗೇ ಇರಲಿ ಬಿಡಿ ಎನ್ನಬೇಕೆನಿಸಿತು. ಆದರೆ ಗಿರಾಕಿಯ ಎದುರು ಇದ್ದಕ್ಕಿದ್ದಂತೆ ಬುದ್ಧಿ ಹೇಳಲು ಹೊರಟರೆ ನಗೆಪಾಟಲಾಗುತ್ತದೆ. ಬಾಯಿ ಮುಚ್ಚಿಕೊಂಡು ಕೆನ್ನೆಗಳನ್ನು ಒಳಗೆ ತಳ್ಳಿದ. ಯುವಕ ತೃಪ್ತನಾಗಿ, ನೀವೇ ಸಾರ್ ಈ ಬೀದಿಗೆಲ್ಲ ಒಳ್ಳೇ ಕೈ, ಎಂದು ಹೊಗಳಿದ. ಆ ಹೊಗಳಿಕೆ ಅವನಿಗೆ ಕೆನ್ನೆಗೆ ಹೊಡೆದಂತೆ ಕೇಳಿಸಿತು.

ಯುವಕ ಹೋದ ಮೇಲೆ ಫೋನಿನಲ್ಲಿ ಹಿಂದಕ್ಕೆ ಹೋಗಿ ಹಳೆಯ ತಟ್ಟೆಗಳನ್ನು ಒಂದೊಂದಾಗಿ ತೆಗೆದ. ಮೊದಮೊದಲು ಅವಳು ಕಳಿಸುತ್ತಿದ್ದದ್ದು ತಟ್ಟೆಯೇ ಅಲ್ಲ, ಬರೀ ಲೋಟ. ಆಮೇಲೆ ಬ್ರೆಡ್ಡಿನ ಪುಡಿ ಉದುರಿದ ಸಣ್ಣ ತಟ್ಟೆ, ಮೊಟ್ಟೆಯ ಹಳದಿ ಮೆತ್ತಿದ ಬಟ್ಟಲು. ಅವೆಲ್ಲ ನಿಜ, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅರ್ಧ ಖಾಲಿಯಾದ ದೊಡ್ಡ ತಟ್ಟೆ ಬಂದಿತ್ತು. ಅಂದು ಅವನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ ಅಲ್ಲಿಂದಲೇ ಫೋನು ಮಾಡಿ, "ನೋಡಿದ್ರಾ, ನೋಡಿದ್ರಾ," ಎಂದು ಪಿಸುಗುಟ್ಟಿದ್ದಳು. ಇಬ್ಬರೂ ಒಟ್ಟಿಗೇ ಚಪ್ಪಾಳೆ, ಹೂವು, ಹೃದಯ ಎಲ್ಲ ಕಳಿಸಿದ್ದರು. ಮರುದಿನದಿಂದ ಪೂರ್ತಿ ಖಾಲಿ ತಟ್ಟೆಗಳು. ಅವನು ಅವನ್ನೀಗ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಮೊದಲನೆಯದು ಒರಟು ಕೆಲಸ, ನಡುವೆ ಮಬ್ಬು ಮಬ್ಬು. ಚಪ್ಪಾಳೆ ತಟ್ಟುವ ಸಂಭ್ರಮದಲ್ಲಿ ಅವನ ಕಣ್ಣಿಗೇ ಮಣ್ಣು ಬಿದ್ದಿತ್ತು. ಎರಡನೆಯದರಲ್ಲಿ ಅನ್ನದ ಗುಡ್ಡೆ ಹೋಗಿದೆ, ಅದರ ನೆರಳು ಉಳಿದಿದೆ. ಬರಬರುತ್ತ ನೆರಳೂ ಹೋಗಿ, ಕಿಟಕಿಯ ಬೆಳಕು ತಟ್ಟೆಯ ಮೇಲೆ ಬೀಳುವ ಉದ್ದನೆಯ ಹೊಳಪನ್ನು ಕೂಡ ಅವಳು ಮತ್ತೆ ಬರೆದು ಸೇರಿಸಿದ್ದಳು. ಅದೂ ಬೆರಳಿನಿಂದ, ಆ ಪುಟ್ಟ ಪರದೆಯ ಮೇಲೆ. ಸಂಬಳಕ್ಕಿಟ್ಟ ಕೆಲಸಗಾರರು ಕೂಡ ಇಷ್ಟು ಅಚ್ಚುಕಟ್ಟಾಗಿ ಮಾಡಿಕೊಟ್ಟದ್ದಿಲ್ಲ. ಎಂಥ ಕೈ ಇವಳದು ಎಂಬ ಹೆಮ್ಮೆ ಒಳಗಿನಿಂದ ಉಕ್ಕಿಬಂತು. ಬಂದ ಗಳಿಗೆಯಲ್ಲೇ ಅದಕ್ಕೆ ನಾಚಿಕೆಯಾಗಿ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಫೋನನ್ನು ಬೋರಲು ಹಾಕಿದ. ಸಂಜೆ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು, "ಯಾಕೋ ಅನ್ನ ದಿನಾ ಮಿಗ್ತಿದೆ, ನನ್ನ ಅಳತೆನೇ ತಪ್ತಿದೆ," ಎಂದು ಹೆಂಡತಿ ತನ್ನನ್ನೇ ಹಳಿದುಕೊಳ್ಳುತ್ತಿದ್ದದ್ದು ನೆನಪಾಯಿತು.

ತಟ್ಟೆ ಕಳಿಸುವ ಉಪಾಯ ಅವನ ಅಕ್ಕನದು. ಅದಕ್ಕೂ ಮುಂಚೆ ಮನೆಯ ಊಟದ ಮೇಜು ಮೇಜಾಗಿ ಉಳಿದಿರಲಿಲ್ಲ, ವಿಚಾರಣೆ ನಡೆಯುವ ಜಾಗವಾಗಿತ್ತು. ಕಾಲೇಜಿನ ಮೊದಲ ವರ್ಷದ ನಡುವೆ ಮಗಳು ಮೆಲ್ಲಗೆ ಊಟ ಬಿಡುತ್ತ ಬಂದಾಗ, ಮೊದಲು ರೇಗಿದರು, ಆಮೇಲೆ ರಮಿಸಿದರು, ಆಮೇಲೆ ಹೆಂಡತಿ ತುತ್ತು ಹಿಡಿದುಕೊಂಡು ಚಿಕ್ಕ ಮಗುವಿನ ಹಿಂದೆ ಓಡಾಡುವಂತೆ ಓಡಾಡಿದಳು. ಅವನು ಪತ್ರಿಕೆಯ ಮರೆಯಿಂದ ಮಗಳ ದವಡೆ ಅಲುಗುವುದನ್ನೇ ಕಾಯುತ್ತಿದ್ದ. ಒಂದು ದಿನ ಅವಳು ಪತ್ರಿಕೆಯನ್ನು ಬೆರಳಿನಿಂದ ಕೆಳಕ್ಕೆ ಸರಿಸಿ, "ಅಪ್ಪಾ, ತಲೆಕೆಳಗಾಗಿ ಹಿಡಿದಿದ್ದೀರಿ," ಎಂದಿದ್ದಳು. ನಗಲಿಲ್ಲ, ಕೋಪವೂ ಮಾಡಿಕೊಳ್ಳಲಿಲ್ಲ, ಸುಮ್ಮನೆ ಎದ್ದು ಹೋದಳು. ಆ ಪತ್ರಿಕೆ ನೆನಪಾದಾಗಲೆಲ್ಲ ಅವನ ಕಿವಿ ಈಗಲೂ ಬಿಸಿಯಾಗುತ್ತದೆ. ವಾರಕ್ಕೊಮ್ಮೆ ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ, ಇದು ಕಾಯಿಲೆ, ಹಟವಲ್ಲ; ಚಿಕಿತ್ಸೆ ನಾನು ನೋಡಿಕೊಳ್ಳುತ್ತೇನೆ, ನೀವು ಮನೆಯಲ್ಲಿ ಊಟದ ಮಾತು ಕಡಿಮೆ ಮಾಡಿ, ಎಂದಿದ್ದರು. ಕಡಿಮೆ ಮಾಡಿದಾಗ ಗೊತ್ತಾಯಿತು, ಆ ಮನೆಯಲ್ಲಿ ಬೇರೆ ಮಾತೇ ಉಳಿದಿರಲಿಲ್ಲ.

ಆಗ ಅಕ್ಕ ಬಂದಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ದೊಡ್ಡ ಮೈ, ದೊಡ್ಡ ಗಂಟಲು, ಎಡಗಡೆ ಸೀಟಿನಲ್ಲೇ ಅರ್ಧ ಆಯುಷ್ಯ ಕಳೆದವಳು. ಬಂದವಳು ಊಟಕ್ಕೆ ಕೂತಳು, ಉಂಡಳು, ತಮ್ಮನ ಮಗಳ ಮೂಳೆ ಎದ್ದ ಮಣಿಕಟ್ಟನ್ನು ನೋಡಿಯೂ ನೋಡದವಳಂತೆ ಕಲಿಯಲು ಬರುವವರ ಕಥೆ ಹೇಳಿದಳು. ಕೈ ತೊಳೆದು ಬಂದು ಫೋನು ಹೊರತೆಗೆದು, "ಚಿನಕುರಳಿ, ಇಲ್ಲಿ ಬಾರೇ. ನಂಗೊಂದು ಗುಂಪು ಮಾಡ್ಕೊಡು," ಎಂದಳು.

"ಯಾವ ಗುಂಪು ಅತ್ತೆ?"

"ನಂಗೆ ಪಾತ್ರೆ ತೊಳೆಯೋದು ಅಂದ್ರೆ ಆಗಲ್ಲ. ಎಂಜಲು ತಟ್ಟೆ ಸಂಜೆವರೆಗೂ ಸಿಂಕಲ್ಲಿ ಬಿದ್ದಿರುತ್ತೆ. ತೊಳೆಯೋ ಮುಂಚೆ ಫೋಟೋ ಹೊಡೆದು ಕಳಿಸ್ಬೇಕು ಅಂತಾದ್ರೆ ನಾಚಿಕೆಗಾದ್ರೂ ತೊಳೀತೀನಿ. ನೀನೂ ಕಳಿಸು, ನಾನೊಬ್ಬಳೇ ಯಾಕೆ ಮಾನ ಕಳ್ಕೊಬೇಕು. ಒಂದೇ ನಿಯಮ, ತಟ್ಟೆ ಬಗ್ಗೆ ಯಾರೂ ಮಾತಾಡೋ ಹಾಗಿಲ್ಲ."

ಮಗಳ ತುಟಿಯ ಒಂದು ಮೂಲೆ ಏಳುವುದನ್ನು ಅವನು ಎಷ್ಟೋ ತಿಂಗಳ ಮೇಲೆ ಕಂಡ. ಗುಂಪಿಗೆ ತೊಳೆಯೋ ತಟ್ಟೆ ಎಂದು ಅವಳೇ ಹೆಸರಿಟ್ಟಳು; ಅಪ್ಪ ಅಮ್ಮ ನೋಡಲಿ, ಅವರಿಗೆ ಬೇರೇನು ಕೆಲಸ, ಎಂದು ಅತ್ತೆ ಅವರಿಬ್ಬರನ್ನೂ ಸೇರಿಸಿದಳು. ಆಮೇಲೆ ದಿನವೂ ಮಧ್ಯಾಹ್ನ ಅಕ್ಕನ ತಟ್ಟೆ ಬರುತ್ತಿತ್ತು. ಕಾರಿನ ಬಾನೆಟ್ಟಿನ ಮೇಲೆ ಇಟ್ಟ ಡಬ್ಬಿ, ಬೀದಿ ಬದಿಯ ಅಂಗಡಿಯ ಕಾಗದದ ತಟ್ಟೆ, ಅವಳ ಮನೆಯ ಬಿರುಕು ಬಿಟ್ಟ ಬಟ್ಟಲು, ಎಲ್ಲವೂ ಉಂಡು ಮುಗಿಸಿದ ತಟ್ಟೆಗಳು. ಊಟದ ಚಿತ್ರ ಒಂದು ದಿನವೂ ಇಲ್ಲ, ಏನು ಉಂಡೆ ಎಂದು ಒಂದು ಮಾತೂ ಇಲ್ಲ. ಮೂಲೆಯಲ್ಲಿ ಯಾವಾಗಲೂ ಏನಾದರೊಂದು ಬೇರೆ ಇರುತ್ತಿತ್ತು: ಕಲಿಯಲು ಬಂದವರೊಬ್ಬರ ಸ್ಟಿಯರಿಂಗ್ ಅಮುಕಿ ಹಿಡಿದ ಕೈ, ಮಗುಚಿ ಬಿದ್ದ ಕಿತ್ತಳೆ ಬಣ್ಣದ ಕೋನು, ಗಾಜಿಗೆ ಮೂಗು ಒತ್ತಿ ಒಳಗೆ ಇಣುಕುವ ನಾಯಿ. ಹುಡುಗಿ ತಟ್ಟೆ ನೋಡುವುದು ಆ ಮೂಲೆಗಾಗಿ. ನೋಡುತ್ತ ನೋಡುತ್ತ, ಉಣ್ಣುವುದೆಂದರೆ ಜಗತ್ತಿನಲ್ಲಿ ದಿನವೂ ನಡೆದು ಮುಗಿದುಹೋಗುವ ಒಂದು ಸಣ್ಣ ಸಂಗತಿ, ಆಮೇಲೆ ತಟ್ಟೆ ತೊಳೆಯಬೇಕು, ಅಷ್ಟೇ, ಎಂಬುದು ಅವಳ ಕಣ್ಣಿಗೆ ತಾನಾಗಿ ಇಳಿಯಲಿ ಎಂದು ಅಕ್ಕನ ಲೆಕ್ಕ. ಅದು ಅವನಿಗೆ ಹೊಳೆದದ್ದು ತುಂಬ ದಿನಗಳ ಮೇಲೆ. ಹೊಳೆದ ದಿನ, ಚಿಕ್ಕಂದಿನಿಂದ ಗದರುತ್ತಲೇ ಬಂದ ಈ ಅಕ್ಕನೊಳಗೆ ಇಷ್ಟು ನಯವಾದ ಬುದ್ಧಿ ಎಲ್ಲಿ ಅಡಗಿತ್ತು ಎಂದು ಬೆರಗಾಗಿ ಕೂತಿದ್ದ. ಅಂಥವಳ ಕೆಲಸವೂ ಹೀಗೆ ಕೈಕೊಟ್ಟಿತಲ್ಲ. ಇದನ್ನು ಅವಳಿಗೆ ಹೇಳುವುದು ಹೇಗೆ ಎಂದು ಯೋಚಿಸುತ್ತಲೇ ಸ್ಟುಡಿಯೊಗೆ ಬೀಗ ಹಾಕಿದ.

ಡ್ರೈವಿಂಗ್ ಶಾಲೆಯ ಮೈದಾನದಲ್ಲಿ ಅಕ್ಕ ಒಬ್ಬ ಬ್ಯಾಂಕ್ ಮ್ಯಾನೇಜರಮ್ಮನಿಗೆ ಹಿಂದಕ್ಕೆ ಹೋಗುವುದನ್ನು ಕಲಿಸುತ್ತಿದ್ದಳು. ಅವನನ್ನು ಕಂಡವಳು ಕಾರು ನಿಲ್ಲಿಸಿ ಹಿಂದಿನ ಬಾಗಿಲು ತೆಗೆಸಿದಳು. "ಹತ್ಕೋ. ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಪರವಾಗಿಲ್ಲ, ಮೇಡಂ ನಮ್ಮವರೇ, ಹೇಳು." ಮೇಡಮ್ಮನಿಗೆ ಸ್ಟಿಯರಿಂಗಿನ ಭಯದಲ್ಲಿ ಬೇರೆ ಏನೂ ಕೇಳಿಸುವಂತಿರಲಿಲ್ಲ. ಕಾರು ಕುಂಟುತ್ತ ಹಿಂದಕ್ಕೆ ಸರಿಯುತ್ತಿರುವಾಗ ಅವನು ಮುಂದಿನ ಸೀಟುಗಳ ನಡುವೆ ಬಗ್ಗಿ, ಗೀರಿನ ಸಂಗತಿ ಹೇಳಿ, ಫೋನನ್ನು ಅಕ್ಕನ ಕಣ್ಣ ಮುಂದೆ ಹಿಡಿದ. ಅವಳು ಅದರ ಕಡೆ ತಿರುಗಲೂ ಇಲ್ಲ.

"ಗೊತ್ತು," ಎಂದಳು.

"ಗೊತ್ತಾ?"

"ಗೀರು ಪಾರು ನಂಗೆ ಕಾಣಲ್ಲಪ್ಪ. ನಾನು ಕಳಿಸಿ ಮುಕ್ಕಾಲು ಗಂಟೆ ಆದ್ಮೇಲೆ ಅವಳದ್ದು ಬರೋಕೆ ಶುರುವಾಯ್ತು. ಮೊದಲೆಲ್ಲ ಹಿಂದೆನೇ ಬರ್ತಿತ್ತು. ಏನೋ ಮಾಡ್ತಿದ್ದಾಳೆ ಅನ್ನಿಸ್ತು. ನಿನ್ನೆ ಡಾಕ್ಟರಮ್ಮಂಗೂ ಹೇಳ್ದೆ. ಹಿಡಿದು ನಿಲ್ಲಿಸ್ಬೇಡಿ, ಅವಳಿಗೆ ವಾಪಸ್ ಬರೋಕೆ ದಾರಿ ಬಿಡಿ, ಅಂದ್ರು. ಮೇಡಂ, ಕನ್ನಡಿ ನೋಡಿ, ನಮ್ಮನ್ನಲ್ಲ."

ನಾನೇ ಕಲಿಸಿದ್ದು ಅಕ್ಕ, ಎಂದ. ದಿನಾ ಬೆಳಗಾದರೆ ಊರಿನವರ ಕೆನ್ನೆ ಕೆತ್ತುವವನು, ಸೊಂಟ ಸಣ್ಣ ಮಾಡುವವನು. ಮಗಳು ಪಕ್ಕದಲ್ಲೇ ಕೂತು ಅದನ್ನೆಲ್ಲ ನೋಡಿದಳು. ಅವಳ ತಲೆಗೆ ಇದನ್ನು ತುಂಬಿದವನು ಬೇರೆ ಯಾರು, ಎಂದೆಲ್ಲ ಹೇಳಿಕೊಂಡ. ಎಷ್ಟೋ ದಿನದಿಂದ ಒಬ್ಬನೇ ಉರು ಹೊಡೆದಂತೆ ಹೇಳಿಕೊಳ್ಳುತ್ತಿದ್ದ ಮಾತುಗಳಾದ್ದರಿಂದ ಸರಾಗವಾಗಿ ಬಂದವು. ಅಕ್ಕ ಕೇಳಿಸಿಕೊಂಡಳು. "ಎಲ್ಲಕ್ಕೂ ನೀನೇ ಕಾರಣ ಅನ್ಕೊಳ್ಳೋದೂ ಒಂದು ಜಂಬ ಕಣೋ," ಎಂದಳು. "ನಿನ್ನ ಕಸುಬು ಒಳ್ಳೇದು ಅಂತ ನಾನೂ ಅನ್ನಲ್ಲ. ಆದ್ರೆ ನಿನ್ನ ಮಗಳು ಅಷ್ಟು ಸಣ್ಣ ಹುಡುಗಿ ಅಲ್ಲ, ನೀನು ಅಷ್ಟು ದೊಡ್ಡ ಮನುಷ್ಯನೂ ಅಲ್ಲ." ಮ್ಯಾನೇಜರಮ್ಮ ಫಕ್ಕನೆ ನಕ್ಕು, ಕೇಳಿಸಿಕೊಂಡದ್ದು ಬಯಲಾಯಿತೆಂದು ಕೆಮ್ಮಿದರು. ಅವನಿಗೆ ಅವಮಾನವಾಯಿತು. ವಿಚಿತ್ರವೆಂದರೆ, ಆ ಅವಮಾನದಲ್ಲಿ ಮೈ ಹಗುರವೂ ಆಯಿತು.

"ಇನ್ನೊಂದು ನೋಡು," ಎಂದಳು ಅಕ್ಕ, ಈಗ ಧ್ವನಿ ತಗ್ಗಿಸಿ. "ಮೊದಲು ತಟ್ಟೆ ಕಂಡ್ರೆ ಮುಖ ತಿರುಗಿಸ್ತಿದ್ಲು. ಈಗ ಅದೇ ತಟ್ಟೆ ಮುಂದಿಟ್ಕೊಂಡು ಮುಕ್ಕಾಲು ಗಂಟೆ ಒಂದೊಂದು ಅಗುಳೂ ದಿಟ್ಟಿಸ್ತಾ ಕೂರ್ತಾಳೆ. ಒಬ್ಬಳೇ, ಯಾರ ಬಲವಂತನೂ ಇಲ್ದೆ. ಯಾಕೆ? ನಿಮ್ಮಿಬ್ಬರ ಮುಖ ಸಪ್ಪಗಾಗಬಾರದು ಅಂತ. ಅದೇನು ಸಣ್ಣ ಮಾತಾ? ನಂಗಂತೂ ಅವಳ ಮೇಲೆ ಮರ್ಯಾದೆ ಬಂತು." ಕನ್ನಡಿಯಲ್ಲಿ ಹಿಂದಿನ ಕೋನುಗಳನ್ನೊಮ್ಮೆ ನೋಡಿ ಮುಂದುವರಿಸಿದಳು. "ತಪ್ಪಾಗಿದ್ದು ನಮ್ಮ ಕಡೆನೇ. ನಾನು ನೆಕ್ಕಿದ ಹಾಗಿರೋ ತಟ್ಟೆನೇ ಕಳಿಸ್ತಾ ಬಂದೆ, ನನ್ನ ಜಾಯಮಾನ ಅದು, ಏನ್ಮಾಡ್ಲಿ. ಮಾತಾಡಬೇಡಿ ಅಂದ್ರೆ ನೀವು ಚಪ್ಪಾಳೆ ತಟ್ಟಿದ್ರಿ. ಅರ್ಧ ತಟ್ಟೆಗೇ ಮೆರವಣಿಗೆ ಹೊರಡಿಸಿದ್ರಿ. ಮಾರನೇ ದಿನ ಪಾಪ ಅವಳು ಏನು ಮಾಡಬೇಕಿತ್ತು? ಅದಕ್ಕಿಂತ ಕಡಿಮೆ ಹೇಗೆ ತೋರಿಸ್ತಾಳೆ?"

ಹಿಂದಿನ ಚಕ್ರ ಒಂದು ಕೋನನ್ನು ಕೆಡವಿತು. ಅಕ್ಕನ ಪಾದದ ಕೆಳಗೆ ಕಲಿಸುವವರಿಗೆಂದೇ ಇರುವ ಇನ್ನೊಂದು ಬ್ರೇಕಿತ್ತು. ಅವಳ ಪಾದ ಅದರ ಮೇಲೆ ಹಗುರವಾಗಿ ಕೂತಿರುವುದನ್ನೂ, ಕೋನು ಬಿದ್ದಾಗಲೂ ಒತ್ತದಿರುವುದನ್ನೂ ಅವನು ನೋಡಿದ. ಮೇಡಮ್ಮ ತಾವೇ ಗಾಬರಿಯಾಗಿ, ತಾವೇ ಸಾವರಿಸಿಕೊಂಡು, ತಾವೇ ನಿಲ್ಲಿಸಿದರು. "ಹಾಂ, ಸರಿಯಾಯ್ತು," ಎಂದಳು ಅಕ್ಕ, ಕೋನಿನ ಸುದ್ದಿಯೇ ಎತ್ತದೆ. ಈ ಹೆಂಗಸನ್ನು ತಾನು ಇಷ್ಟು ವರ್ಷ ಬರೀ ಬಾಯಿಬಡುಕಿ ಎಂದುಕೊಂಡಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೇ ಕೋಪ ಬಂತು.

"ಈಗೇನು ಮಾಡ್ಲಿ ಅಕ್ಕ?"

"ನೀನು ಸರಿಯಾಗಿ ಊಟ ಮಾಡ್ತಿಲ್ಲ ಅಂತ ನಿನ್ನ ಮುಖನೇ ಹೇಳ್ತಿದೆ. ಅದನ್ನೇ ಕಳಿಸು. ಇಷ್ಟು ದಿನ ಗ್ಯಾಲರಿಲಿ ಕೂತು ನೋಡಿದ್ದು ಸಾಕು. ಬಿಟ್ಟಿದ್ದನ್ನ ಬಿಟ್ಟ ಹಾಗೇ ತೋರಿಸು. ಅವಳಿಗೇನೂ ಹೇಳಬೇಡ."

ಮರುದಿನ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂತ. ಅನ್ನ, ಬೇಯಿಸಿದ ಹುರುಳಿಕಾಯಿ, ಒಂದು ಮೊಟ್ಟೆ. ಮೊಟ್ಟೆ ಹೇಗೋ ಇಳಿಯಿತು. ಅನ್ನ ಗಂಟಲಲ್ಲೇ ನಿಂತಿತು. ಮೂರು ಕಡೆ ಕೆದಕಿ ಚಮಚ ಇಟ್ಟ. ಇದೇ ಡಬ್ಬಿಯ ಉಳಿದದ್ದನ್ನು ಅವನು ಎಷ್ಟೋ ದಿನದಿಂದ ಹೆಂಡತಿಗೆ ಕಾಣದಂತೆ ಹಿತ್ತಲ ಬುಟ್ಟಿಗೆ ಸುರಿದು, ಡಬ್ಬಿ ತೊಳೆದು ಮನೆಗೆ ಒಯ್ಯುತ್ತಿದ್ದ. ಅದು ಈಗಷ್ಟೇ ತಲೆಗೆ ಹೊಳೆದು ಅವನು ಡಬ್ಬಿಯನ್ನೇ ನೋಡುತ್ತ ಕೂತ. ಮಗಳು ಅಳಿಸುವುದನ್ನು ಅವನಿಂದ ಕಲಿತಿದ್ದು ಪರದೆಯ ಮೇಲೆ ಮಾತ್ರವೇ ಎಂದು ಯಾರು ಹೇಳಬಲ್ಲರು? ಫೋಟೋ ತೆಗೆದ. ಪರದೆಯಲ್ಲಿ ಅದು ಅಸಹ್ಯವಾಗಿ ಕಾಣಿಸಿತು: ಕೆದಕಿದ ಅನ್ನ, ಮುದುಡಿದ ಹುರುಳಿಕಾಯಿ, ಅಂಚಿಗೆ ಅಂಟಿದ ಮೊಟ್ಟೆಯ ಸಿಪ್ಪೆ. ಸಿಪ್ಪೆಯನ್ನಾದರೂ ತೆಗೆದು ಕಳಿಸೋಣ ಎಂದು ಬೆರಳು ತನ್ನಷ್ಟಕ್ಕೆ ಅಳಿಸುವ ಗುರುತಿನ ಮೇಲೆ ಹೋಗಿತ್ತು. ಹೋದದ್ದು ಗೊತ್ತಾಗಿ ಬೆಚ್ಚಿ ಬೆರಳನ್ನು ಹಿಂದಕ್ಕೆಳೆದುಕೊಂಡ. ಇದ್ದದ್ದನ್ನು ಇದ್ದ ಹಾಗೆ ಯಾರಿಗಾದರೂ ತೋರಿಸಿ ಎಷ್ಟು ಕಾಲವಾಯಿತೆಂದು ನೆನಪಾಗಲಿಲ್ಲ. ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತ ಹಾಗೆ ಅನ್ನಿಸುತ್ತಿರುವಾಗಲೇ ಕಳಿಸಿಬಿಟ್ಟ.

ಅವನದರ ಹಿಂದೆಯೇ ಅಕ್ಕನ ತಟ್ಟೆ ಬಂತು. ಹಿಗ್ಗಿಸಿ ನೋಡಬೇಕಾಗಿಯೇ ಇರಲಿಲ್ಲ. ತಟ್ಟೆಯ ನಡುವೆ ಎರಡು ತುಂಡು ಬ್ರೆಡ್ಡು, ಒಂದು ಚಮಚದಷ್ಟು ಕಾಳು ಉಳಿದಿದ್ದವು. ಹುಟ್ಟಿದಾಗಿನಿಂದ ತಟ್ಟೆಯಲ್ಲಿ ಏನನ್ನೂ ಬಿಟ್ಟವಳಲ್ಲ ಅಕ್ಕ, ಚಿಕ್ಕಂದಿನಲ್ಲಿ ಅವನ ತಟ್ಟೆಯದನ್ನೂ ಬಿಟ್ಟವಳಲ್ಲ. ಆ ಎರಡು ತುಂಡನ್ನು ಬಿಡಲು ಅವಳು ಪಟ್ಟಿರಬಹುದಾದ ಸಂಕಟ ನೆನೆದು ಅವನಿಗೆ ನಗು ಬಂತು, ನಗುವಿನ ಜೊತೆಗೆ ಕಣ್ಣೂ ಒದ್ದೆಯಾಯಿತು. ಮೂಲೆಯಲ್ಲಿ ಮ್ಯಾನೇಜರಮ್ಮನ ಹೆಬ್ಬೆರಳು ಮೇಲೆದ್ದು ನಿಂತಿತ್ತು.

ಮಗಳು ನೋಡಿದಳೆಂದು ಫೋನು ತೋರಿಸಿತು. ಏನೋ ಬರೆಯುತ್ತಿದ್ದಾಳೆ ಎಂದು ತೋರಿಸಿ, ಬರೆಯುತ್ತಿಲ್ಲ ಎಂದು ಅಳಿಸಿಕೊಂಡಿತು. ಮತ್ತೆ ಬರೆಯತೊಡಗಿದಳು, ಮತ್ತೆ ನಿಲ್ಲಿಸಿದಳು. ಸಿಕ್ಕಿಬಿದ್ದೆ ಎಂದು ಅವಳಿಗೆ ಗೊತ್ತಾಗಿಹೋಯಿತೇ? ಇನ್ನು ಗುಂಪನ್ನೇ ಬಿಟ್ಟು ಹೋಗಿ, ಲೋಟದ ಚಿತ್ರವೂ ಇಲ್ಲದ ಹಳೆಯ ಕೋಣೆಯೊಳಗೆ ಬಾಗಿಲು ಹಾಕಿಕೊಂಡರೆ? ಹೊರಗೆ ಗಿರಾಕಿಯೊಬ್ಬರು ಕೌಂಟರಿನ ಗಂಟೆ ಒತ್ತಿದರು. ಅವನು ಕೂತೇ ಇದ್ದ. ಆಗ ಮನೆಯ ಬಿಳಿ ತಟ್ಟೆ ಬಂತು. ಅರ್ಧಕ್ಕಿಂತ ಹೆಚ್ಚು ಅನ್ನ ಹಾಗೇ ಗುಡ್ಡೆಯಾಗಿತ್ತು, ಹುರುಳಿಕಾಯಿ ಮುಟ್ಟಿಯೇ ಇರಲಿಲ್ಲ. ಒಂದು ಅಂಚಿನಲ್ಲಿ ಮಾತ್ರ ಅಂಗೈಯಗಲ ಜಾಗ ಬರಿದಾಗಿ, ಅಲ್ಲಿ ಚಮಚ ಎಳೆದ ಅಡ್ಡಾದಿಡ್ಡಿ ಜಿಡ್ಡಿನ ಗೆರೆಗಳಿದ್ದವು. ಅಂಥ ಗೆರೆಗಳನ್ನು ಬರೆಯಬಲ್ಲ ಕೈ ಇನ್ನೂ ಹುಟ್ಟಿಲ್ಲ. ಬೇರೆ ಯಾವ ತಂದೆಯಾದರೂ ಆ ತಟ್ಟೆ ಕಂಡು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ಅವನು ಆ ಅಂಗೈಯಗಲ ಜಾಗವನ್ನು ಹಿಗ್ಗಿಸಿಕೊಂಡು, ಪರದೆ ತುಂಬ ಅದೊಂದೇ ಉಳಿಯುವಷ್ಟು ಹಿಗ್ಗಿಸಿಕೊಂಡು, ನೋಡುತ್ತ ಕೂತ. ಯಾರೂ ಇಲ್ಲದ ಮನೆಯಲ್ಲಿ, ಒಬ್ಬಳೇ ಕೂತು, ತನ್ನ ಭಯವನ್ನೆಲ್ಲ ಎದುರಿಗಿಟ್ಟುಕೊಂಡು ಅವಳು ಗೆದ್ದದ್ದು ಅಷ್ಟು ಜಾಗ. ಮತ್ತು ಅದಕ್ಕಿಂತ ಹೆಚ್ಚನ್ನು ಗೆದ್ದೆ ಎಂದು ಹೇಳಿರಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ಧೈರ್ಯದ ಚಿತ್ರವನ್ನು ಅವನು ನೋಡಿರಲಿಲ್ಲ.

ಬೆರಳು ಅಭ್ಯಾಸಬಲದಿಂದ ಚಪ್ಪಾಳೆಯ ಕೈಗಳ ಮೇಲೆ ಹೋಯಿತು. ತಡೆದುಕೊಂಡ. ಏನೂ ಕಳಿಸದೆ ಫೋನನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಹೆಂಡತಿಗೂ ಏನೂ ಕಳಿಸಬೇಡ ಎಂದು ಹೇಳಬೇಕು, ಫೋನು ಮಾಡಿ ತಡೆಯೋಣ, ಎಂದುಕೊಳ್ಳುತ್ತಿರುವಾಗ ತಟ್ಟೆಯ ಕೆಳಗೆ ಮಗಳ ಒಂದು ಸಾಲು ಮೂಡಿತು. ಗುಂಪಿನಲ್ಲಿ ಅವಳು ಅದುವರೆಗೆ ಒಂದು ಅಕ್ಷರವನ್ನೂ ಬರೆದವಳಲ್ಲ.

"ಯಾರೂ ಈಗ್ಲೇ ತೊಳೀಬೇಡಿ. ನಂದಿನ್ನೂ ಮುಗಿದಿಲ್ಲ."

ಹೊರಗೆ ಗಂಟೆ ಇನ್ನೊಮ್ಮೆ ಹೊಡೆಯಿತು. "ಊಟಕ್ಕೆ ಕೂತಿದ್ದೀನಿ, ಸ್ವಲ್ಪ ಹೊತ್ತಾಗುತ್ತೆ," ಎಂದು ಅವನು ಕೂತಲ್ಲಿಂದಲೇ ಕೂಗಿ ಹೇಳಿ, ಚಮಚ ಕೈಗೆತ್ತಿಕೊಂಡ.